ಒಳಕಲ್ಲಿನ ನೀರು



ಶೆಟ್ಟಿಕೆರೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಕಾರ್ತಿಕದಲ್ಲಿ ಮನೆಮಂದಿಯೆಲ್ಲ ಶಿವಗಂಗೆಗೆ ಹೋಗಿದ್ದರಂತೆ. ಒಳಕಲ್ಲು ತೀರ್ಥದಲ್ಲಿ ಓರಗಿತ್ತಿಯ ಕೈಗೆ ನೀರು ಸಿಕ್ಕಿತು, ಇವರಿಗೆ ಸಿಗಲಿಲ್ಲ. "ಪುಣ್ಯ ಮಾಡಿದೋರಿಗೆ ಮಾತ್ರ ಸಿಗೋದು" ಅಂತ ಅತ್ತೆ ಎಲ್ಲರೆದುರೇ ಅಂದುಬಿಟ್ಟರಂತೆ. ಹೋದ ವರ್ಷ ಇವರಿಗೆ ಎರಡನೇ ತಿಂಗಳಲ್ಲೇ ಗರ್ಭ ಇಳಿದಿತ್ತು. ಈಗ ಅದಕ್ಕೂ ಇದಕ್ಕೂ ಗಂಟು ಹಾಕಿಕೊಂಡು, "ಅಕ್ಕಾ, ನಾನೇನು ಪಾಪ ಮಾಡಿದ್ದೀನಿ?" ಅಂತ ಕೇಳಿದ್ದಾರೆ.

ನಮ್ಮ ತೆಂಗಿನ ಸೀಮೆಯವರಿಗೆ ಶಿವಗಂಗೆ ಹೊಸದಲ್ಲ. ತುಮಕೂರು ದಾಟಿ ದಾಬಸ್‌ಪೇಟೆಗೆ ಬಂದರೆ ಬೆಟ್ಟ ಕಣ್ಣೆದುರೇ. ಗಂಗಾಧರೇಶ್ವರನ ಗುಡಿ ಬಂಡೆಯ ಗವಿಯಲ್ಲೇ ಇದೆ; 1609ರಲ್ಲಿ ಕೆಂಪೇಗೌಡರ ಲೋಹದ ಪ್ರತಿಮೆ ಇಟ್ಟದ್ದೂ ಅಲ್ಲೇ. ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎಂದು ಭಕ್ತರು ಕಣ್ತುಂಬ ನೋಡಿ ಬರುತ್ತಾರೆ. (ಆಯುರ್ವೇದದವರ ಶತಧೌತ ಘೃತ ಕೇಳಿದ್ದೀರಲ್ಲ? ತಾಮ್ರದ ತಟ್ಟೆಯಲ್ಲಿ ತುಪ್ಪಕ್ಕೆ ತಣ್ಣೀರು ಹಾಕಿ ತಿಕ್ಕುವುದು, ನೀರು ಬಸಿಯುವುದು, ಹೀಗೆ ನೂರು ಸಲ. ತುಪ್ಪ ಬೆಳ್ಳಗೆ ಬೆಣ್ಣೆಯಂತಾಗುತ್ತದೆ. ಒಡೆದ ಹಿಮ್ಮಡಿಗೆ ಹಚ್ಚಿ ನೋಡಿ.)

ಒಳಕಲ್ಲು ತೀರ್ಥ ಇನ್ನೂ ಮೇಲೆ. ಒರಳನ್ನು ನಾವು ಒಳಕಲ್ಲು ಅಂತೀವಲ್ಲ, ಬಂಡೆಯಲ್ಲಿ ಅಂಥದೇ ಗುಳಿ. ಬಗ್ಗಿ ತೋಳು ಇಳಿಬಿಟ್ಟು ತಡಕಬೇಕು. ನೀರು ಮೇಲಿದ್ದ ದಿನ ಗಿಡ್ಡ ಕೈಗೂ ಸಿಗುತ್ತದೆ, ತಗ್ಗಿದ್ದ ದಿನ ಉದ್ದ ತೋಳಿನವರೂ ಬರಿಗೈಯಲ್ಲಿ ಏಳುತ್ತಾರೆ. ಮುಂದೆ ಬಗ್ಗುವವರಿಗೊಂದು, ಸೆರಗು ಹಿಡಿದುಕೊಂಡು ನಾಚುತ್ತಾ ಬಗ್ಗುವ ಸೊಸೆಗೊಂದು ಲೆಕ್ಕ. ತಾಯಿ, ನಿಮ್ಮ ತೋಳಿನ ಉದ್ದವನ್ನು ಪಾಪದ ಅಳತೆ ಮಾಡಿಕೊಂಡು ಯಾಕೆ ಅಳುತ್ತೀರಿ? ಕಲ್ಲಿಗೆ ಕೈಮುಗಿಯೋಣ, ನನಗೂ ಭಕ್ತಿಯಿದೆ. ಆದರೆ ಸೊಸೆಯ ನಡತೆಗೆ ಸಾಕ್ಷಿ ಹೇಳು ಅಂತ ಆ ಕಲ್ಲನ್ನು ಯಾರೂ ಕೇಳಬಾರದು.

ಇನ್ನು ಗರ್ಭದ ಮಾತು. ಮೊದಲ ಮೂರು ತಿಂಗಳಲ್ಲಿ ಇಳಿಯುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಪಿಂಡದ ವರ್ಣತಂತುಗಳ ದೋಷವೇ ಕಾರಣ. ತಾಯಿ ತಿಂದದ್ದು, ನಡೆದದ್ದು, ಅಂದದ್ದು ಅದಕ್ಕೆ ಕಾರಣವಲ್ಲ. ಒಮ್ಮೆ ಹೀಗಾದವರಲ್ಲಿ ಹೆಚ್ಚಿನವರಿಗೆ ಮುಂದಿನದು ನೆಟ್ಟಗೆ ನಿಲ್ಲುತ್ತದೆ. ತಿಪಟೂರಿನಲ್ಲಿ ಲೇಡಿ ಡಾಕ್ಟರನ್ನು ಕಾಣಿ. ರಕ್ತ, ಸಕ್ಕರೆ, ಥೈರಾಯಿಡ್ ಪರೀಕ್ಷೆ ಮಾಡಿಸಿಕೊಳ್ಳಿ. ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲೇ ಶುರುಮಾಡಬೇಕು, ಅದನ್ನು ಕೇಳಲು ಮರೆಯಬೇಡಿ. ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಡಾಕ್ಟರು ಹೇಳಿದ್ದನ್ನು ಅತ್ತೆಗೆ ಅವರೇ ಹೇಳಲಿ, ಮಗನ ಬಾಯಿಂದ ಬಂದರೆ ಬೇಗ ಕಿವಿಗೆ ಹೋಗುತ್ತದೆ.

ಸಂಕ್ರಾಂತಿಗೆ ಗಂಗಾಧರೇಶ್ವರ, ಹೊನ್ನಾದೇವಿಯರ ಕಲ್ಯಾಣ ನೋಡಲು ಹೋಗುವವರು ಬಿಸಿಲೇರುವ ಮೊದಲೇ ಹತ್ತಿ. ತೆಂಗಿನಕಾಯಿ, ಬಾಳೆಹಣ್ಣು ಕೈಲಿ ಹಿಡಿಯಬೇಡಿ, ಚೀಲದ ಬಾಯಿ ಕಟ್ಟಿಡಿ. ಅಲ್ಲಿಯ ಕೋತಿಗಳು ಪುಣ್ಯವಂತರು, ಪಾಪಿಗಳು ಅಂತ ನೋಡುವುದಿಲ್ಲ.