ಒಂದು ಪ್ರಬಂಧದ ಕೊನೆಯ ಪುಟ

ಈಗಿನ ಕಾಲೇಜು ಹುಡುಗ ಹುಡುಗಿಯರಿಗೆ ಲೋಕದ ಚಿಂತೆಯೇ ಇಲ್ಲವೆಂದೂ, ಅಂಗೈಯಗಲದ ಮೊಬೈಲಿನೊಳಗೇ ಅವರ ಪ್ರಪಂಚವು ಹುಟ್ಟಿ ಅಲ್ಲಿಯೇ ಮುಗಿದುಹೋಗುವುದೆಂದೂ ಹಿರಿಯರು ಜಗಲಿಯ ಮೇಲೆ ಕುಳಿತು ಹೇಳುವುದುಂಟು. ನಾವೂ ಹಾಗೆ ಹೇಳಿದವರೇ. ಆದರೆ ಕಳೆದ ಮಾಘಮಾಸದಲ್ಲಿ ನಡೆದ ಒಂದು ಸಣ್ಣ ಸಂಗತಿಯು ನಮ್ಮ ಈ ಅಭಿಪ್ರಾಯವನ್ನು ತಿದ್ದಿತು. ಗೃಹಸ್ಥರಾದ ವಾಚಕರ ಮುಂದೆ ಅದನ್ನು ಇಡುವುದು ಉಚಿತವೆಂದು ತೋರಿದುದರಿಂದ ಈ ತಿಂಗಳು ಅದನ್ನೇ ವಸ್ತುವಾಗಿ ಮಾಡಿಕೊಂಡಿರುವೆವು.

ಬುಕ್ಕಸಾಗರದ ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಹೊಸಪೇಟೆಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿ ಓದುತ್ತಿದ್ದಾಳೆ. ತಂದೆಗೆ ಎರಡು ಎಕರೆ ಬಾಳೆಯ ತೋಟ; ತಾಯಿ ಕೂಲಿಯವರ ಜತೆಯಲ್ಲಿ ತಾನೂ ಬಗ್ಗಿ ಭತ್ತ ನಾಟಿ ಮಾಡತಕ್ಕವಳು. ಈ ಹುಡುಗಿ ಒಂದು ಸಂಜೆ ನೋಟುಪುಸ್ತಕವನ್ನು ಹಿಡಿದು ನಮ್ಮ ಮನೆಗೆ ಬಂದಳು. "ಮೇಷ್ಟ್ರೇ, ಕಾಲೇಜಿನಲ್ಲಿ ಪ್ರಬಂಧ ಸ್ಪರ್ಧೆ ಇಟ್ಟಿದ್ದಾರೆ. ತಪ್ಪಿದ್ದರೆ ತಿದ್ದಿಕೊಡಬೇಕು" ಎಂದು ಅದನ್ನು ನಮ್ಮ ಕೈಗಿತ್ತಳು. ವಿಷಯವು 'ಸಾಮಾಜಿಕ ಸಮಸ್ಯೆಗಳು ಮತ್ತು ವಿದ್ಯಾರ್ಥಿಗಳ ಕರ್ತವ್ಯ' ಎಂಬುದು. ಮೂವತ್ತು ವರ್ಷಗಳಿಗೂ ಮೇಲೆ ಕೆಂಪು ಮಸಿಯ ಲೇಖನಿಯನ್ನು ಹಿಡಿದ ಕೈಯಿದು, ಸಂತೋಷದಿಂದಲೇ ಒಪ್ಪಿಕೊಂಡೆವು.

ಮೊದಲಿನ ಮೂರು ಪುಟಗಳಲ್ಲಿ ನಾವು ನಿರೀಕ್ಷಿಸಿದ್ದುದೇ ಇತ್ತು. ಯುವಜನರು ದೇಶದ ಬೆನ್ನೆಲುಬು, ವರದಕ್ಷಿಣೆಯು ಪಿಡುಗು, ಜಾತಿಯು ರೋಗ, ಎಲ್ಲರೂ ಒಂದಾಗಿ ಹೋರಾಡಬೇಕು, ಹೀಗೆ. ಇಂತಹ ವಾಕ್ಯಗಳು ದೇವಸ್ಥಾನದ ಗಂಟೆಯಂತೆ. ಯಾರು ಬಾರಿಸಿದರೂ ಒಂದೇ ನಾದ. ಎರಡು ಕಡೆ ಮಹಾಪ್ರಾಣವನ್ನು ಸರಿಪಡಿಸಿ, ಒಂದು ಸಂಧಿಯನ್ನು ಬಿಡಿಸಿ ಮುಂದಕ್ಕೆ ಹೋದೆವು.

ನಾಲ್ಕನೆಯ ಪುಟದಿಂದ ಪ್ರಬಂಧದ ಧಾಟಿಯೇ ಬದಲಾಯಿತು. ಅಲ್ಲಿ ಅವಳು ತಾನು ಕಂಡುದನ್ನು ಬರೆಯತೊಡಗಿದ್ದಳು. ಬೆಳಗಿನ ಬಸ್ಸು ಊರಿಗೆ ಬರುವಷ್ಟರಲ್ಲಿಯೇ ತುಂಬಿರುವುದು. 2023ನೆಯ ಇಸವಿಯ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲವಷ್ಟೆ. ಆ ಹಣ ಉಳಿದುದರಿಂದಲೇ ತನ್ನ ಓಣಿಯ ಇಬ್ಬರು ಹುಡುಗಿಯರು ಕಾಲೇಜು ಬಿಡದೆ ಉಳಿದರೆಂದು ಅವಳು ಬರೆದಿದ್ದಳು. ಅದರ ಕೆಳಗೇ, ಹಣ ಕೊಡದೆ ಬರುವವರೆಂದು ಕೆಲವರು ಆಡುವ ಹಗುರ ಮಾತನ್ನೂ, ಬಾಗಿಲ ಬಳಿ ನಿಂತ ಹುಡುಗರ ಕೀಟಲೆಯನ್ನೂ, ಅದನ್ನು ಮನೆಯಲ್ಲಿ ಹೇಳಿದರೆ ಹುಡುಗರ ತಪ್ಪಿಗೆ ಹುಡುಗಿಯ ಓದೇ ನಿಲ್ಲುವುದೆಂದು ಯಾರೂ ಹೇಳದಿರುವುದನ್ನೂ ಬರೆದಿದ್ದಳು. ಈ ಕೊನೆಯ ಮಾತನ್ನು ಓದಿದಾಗ ನಮ್ಮ ಲೇಖನಿಯು ನಿಂತಿತು.

ಕಾಲೇಜಿನೊಳಗಿನ ಸಂಗತಿಗಳೂ ಇದ್ದುವು. ಒಂದೇ ತರಗತಿಯಲ್ಲಿ ಕುಳಿತವರು ಬುತ್ತಿ ಬಿಚ್ಚುವಾಗ ಬೇರೆಬೇರೆ ಮರಗಳ ನೆರಳನ್ನು ಹುಡುಕುವರಂತೆ. ಯಾರೂ ಯಾರನ್ನೂ ಬಾರದಿರೆಂದು ಹೇಳುವುದಿಲ್ಲ. ಆದರೆ ಯಾವ ಮರ ಯಾರದೆಂಬುದು ಎಲ್ಲರಿಗೂ ಗೊತ್ತು. ಪಾಠದ ವಿಚಾರವಾಗಿ ಅವಳು ಬರೆದುದೂ ಯಥಾರ್ಥವಾದುದೇ. 2021ರಲ್ಲಿ ನಮ್ಮ ರಾಜ್ಯದಲ್ಲಿ ಪದವಿಯ ವ್ಯಾಸಂಗವನ್ನು ನಾಲ್ಕು ವರ್ಷದ ಕ್ರಮಕ್ಕೆ ತಿರುಗಿಸಿದರು. 2024ರಲ್ಲಿ ಮರಳಿ ಮೂರು ವರ್ಷಕ್ಕೆ ತಂದರು. ಅಕ್ಕನ ಪುಸ್ತಕವು ತಂಗಿಗೆ ಬಾರದಾಯಿತು. ಅತಿಥಿ ಉಪನ್ಯಾಸಕರಲ್ಲಿ ಒಬ್ಬರು ಬಹಳ ಚೆನ್ನಾಗಿ ಪಾಠ ಹೇಳುವರು. ಆದರೆ ಮುಂದಿನ ವರ್ಷ ತಾವಿರುವೆವೋ ಇಲ್ಲವೋ ಎಂಬುದು ಅವರಿಗೇ ತಿಳಿಯದು. ಅತಿಥಿಯೆಂಬ ಶಬ್ದಕ್ಕೆ ತಿಥಿಯ ನಿಯಮವಿಲ್ಲದೆ ಬರುವವನೆಂದು ಪಂಡಿತರು ಅರ್ಥ ಹೇಳುವರು. ತಿಥಿಯ ನಿಯಮವಿಲ್ಲದೆ ಹೋಗಬೇಕಾದವನೆಂಬ ಅರ್ಥವನ್ನು ನಮ್ಮ ಕಾಲವು ಸೇರಿಸಿತು.

ಗಂಡುಮಕ್ಕಳ ವಿಚಾರವನ್ನೂ ಅವಳು ಮರೆತಿರಲಿಲ್ಲ. ಸಂಡೂರಿನ ಗಣಿಗಳಿಂದ ಅದಿರು ಹೊಳೆಯಂತೆ ಹರಿಯುತ್ತಿದ್ದ ದಿನಗಳಲ್ಲಿ ಅವಳ ಸೋದರಮಾವನು ಕಾಲೇಜನ್ನು ಬಿಟ್ಟು ಲಾರಿ ಹತ್ತಿದನು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಲಾರಿಯೂ ನಿಂತಿತು, ಸಾಲದ ಕಂತೂ ನಿಂತಿತು. ಕಾಲೇಜು ಮಾತ್ರ ಮರಳಿ ದೊರೆಯಲಿಲ್ಲ. ಬೇಗನೆ ಬಂದ ಹಣವು ಓದನ್ನು ಹೇಗೆ ಕೆಡಿಸುವುದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ದೃಷ್ಟಾಂತವನ್ನು ನಾವು ತರಗತಿಯಲ್ಲಿ ಎಂದೂ ಕೊಟ್ಟಿರಲಿಲ್ಲ.

ಕೊನೆಯ ಪುಟವನ್ನು ಮಾತ್ರ ಅಡ್ಡಗೆರೆ ಎಳೆದು ಹೊಡೆದುಹಾಕಿತ್ತು. ಹೊಡೆದುಹಾಕಿದುದನ್ನು ಓದುವುದು ಉಪಾಧ್ಯಾಯರ ಹಳೆಯ ಚಾಳಿ. ಅನೇಕ ವೇಳೆ ಹುಡುಗರ ನಿಜವಾದ ಉತ್ತರವು ಅಲ್ಲಿಯೇ ಇರುವುದು. ಅದೇ ಬಸ್ಸಿನಲ್ಲಿ ಅವಳ ಜತೆಗೆ ಬರುತ್ತಿದ್ದ, ಎರಡನೆಯ ಪಿ.ಯು.ಸಿ.ಯ ಹುಡುಗಿಯೊಬ್ಬಳು ಹದಿನೈದು ದಿನಗಳಿಂದ ಬರುತ್ತಿಲ್ಲ. ವಯಸ್ಸು ಹದಿನೇಳು. ಅಕ್ಕನ ಮದುವೆಯೊಡನೆ ಒಂದೇ ಚಪ್ಪರದಲ್ಲಿ ಅವಳದನ್ನೂ ಮುಗಿಸುವುದೆಂದು ಫಾಲ್ಗುಣದಲ್ಲಿ ಮುಹೂರ್ತ ಇಟ್ಟಿದ್ದಾರೆ. "ಇದು ನನಗೆ ಗೊತ್ತು. ಓಣಿಗೆಲ್ಲ ಗೊತ್ತು. ಯಾರೂ ಏನೂ ಹೇಳಿಲ್ಲ. ನಾನೂ ಹೇಳಿಲ್ಲ." ಅಲ್ಲಿಗೆ ಬರಹವು ನಿಂತಿತ್ತು.

"ಇದನ್ನೇಕೆ ಹೊಡೆದೆಯವ್ವಾ?" ಎಂದು ಕೇಳಿದೆವು.

"ಇದು ಪ್ರಬಂಧಕ್ಕೆ ಸೇರುವುದಿಲ್ಲ ಮೇಷ್ಟ್ರೇ. ಸಮಸ್ಯೆ ಅಂದರೆ ದೇಶದ್ದು ಬರೆಯಬೇಕಲ್ಲ? ಇದು ನಮ್ಮ ಓಣಿಯದು" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದರೆ ಅವರ ಮನೆಯವರು ನಮ್ಮನೆಗೆ ಜಗಳಕ್ಕೆ ಬರುತ್ತಾರೆ. ನಮ್ಮಪ್ಪ ನನ್ನನ್ನೂ ಬಿಡಿಸುತ್ತಾನೆ" ಎಂದಳು.

ಅವಳಿಗೆ ಉಪದೇಶ ಮಾಡಲು ನಮ್ಮ ಬಾಯಿ ಬರಲಿಲ್ಲ. ಕಾರಣವನ್ನು ವಾಚಕರಿಂದ ಮರೆಮಾಡುವುದು ತರವಲ್ಲ. ಈಗ್ಗೆ ಮೂವತ್ತು ವರ್ಷಗಳ ಹಿಂದೆ ನಾವು ಬೇರೊಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಮದುವೆ ಗೊತ್ತಾಯಿತು. ರಘುವಂಶದ ಶ್ಲೋಕಗಳನ್ನು ಪದಚ್ಛೇದ ಮಾಡಿ ಓದುತ್ತಿದ್ದ ಜಾಣೆ. ಅವಳ ತಂದೆ ಶಾಲೆಗೇ ಬಂದು ನಮಗೆ ಅಕ್ಷತೆಯನ್ನು ಕೊಟ್ಟು ಕರೆದನು. ಸಾರದಾ ಕಾನೂನಿನ ಪಾಠವನ್ನು ಆ ವರ್ಷವೇ ನಾವು ತರಗತಿಗೆ ಹೇಳಿದ್ದೆವು. ಆದರೂ ಹೋದೆವು, ಮುಂದಿನ ಪಂಕ್ತಿಯಲ್ಲಿ ಕುಳಿತು ಹೋಳಿಗೆಯನ್ನು ಉಂಡೆವು, ಅಕ್ಷತೆ ಹಾಕುವಾಗ ಆ ಹುಡುಗಿ ತಲೆಯೆತ್ತಿ ನಮ್ಮನ್ನು ಒಮ್ಮೆ ನೋಡಿದಳು. ಆ ನೋಟಕ್ಕೆ ಉತ್ತರವು ಇನ್ನೂ ನಮ್ಮಲ್ಲಿಲ್ಲ. ಮಕ್ಕಳಿಗೆ ಧೈರ್ಯವಿಲ್ಲವೆನ್ನುವ ಹಿರಿಯರು ತಮ್ಮ ಧೈರ್ಯದ ಲೆಕ್ಕವನ್ನು ಮೊದಲು ತೆಗೆಯಬೇಕು.

ಈ ವಿಚಾರದಲ್ಲಿ ಕಾನೂನಿಗೇನೂ ಕೊರತೆಯಿಲ್ಲ. ಹರಬಿಲಾಸ ಸಾರದಾ ಅವರ ಹೆಸರಿನಿಂದ ಪ್ರಸಿದ್ಧವಾದ ಕಾನೂನು 1929ರಲ್ಲಿ ಆಗಿ, 1930ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆಗ ಹೆಣ್ಣಿಗೆ 14, ಗಂಡಿಗೆ 18 ಎಂದು ಗೊತ್ತುಮಾಡಿದ್ದರು. 1978ರಲ್ಲಿ ಅದು 18 ಮತ್ತು 21 ಆಯಿತು. 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯಿದೆಯು ಬಂದು, ಇಂತಹ ಮದುವೆಯನ್ನು ನಡೆಸಿದವರಿಗೂ ಮಾಡಿಸಿದವರಿಗೂ ಎರಡು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನು ವಿಧಿಸಿತು. ಮಂತ್ರ ಹೇಳಿದ ಪುರೋಹಿತನೂ ಇದರಿಂದ ಹೊರಗಲ್ಲ. ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಇಂತಹ ವಿವಾಹವು ಮೊದಲಿನಿಂದಲೇ ಅಸಿಂಧು. ಅಂದರೆ ಕಾನೂನಿನ ಕಣ್ಣಿಗೆ ಅದು ಮದುವೆಯೇ ಅಲ್ಲ. ಹೀಗೆ ತೊಂಬತ್ತು ವರ್ಷಗಳಿಂದ ಕಾನೂನು ಬಾಗಿಲನ್ನು ಮುಚ್ಚುತ್ತ ಬಂದಿದೆ. ನಾವು ಕಿಟಕಿಯನ್ನು ತೆರೆದಿಡುತ್ತ ಬಂದಿರುವೆವು.

ನಮ್ಮ ಊರು ಬುಕ್ಕರಾಯನ ಹೆಸರನ್ನು ಹೊತ್ತಿರುವುದು. ವೇದಗಳಿಗೆ ಭಾಷ್ಯವನ್ನು ಬರೆದ ಸಾಯಣಾಚಾರ್ಯರಿಗೆ ಆಶ್ರಯವಿತ್ತ ಅರಸು ಅವನು. ಅವನ ಮಗ ಕಂಪಣನ ಪತ್ನಿಯಾದ ಗಂಗಾದೇವಿಯು ಪತಿಯ ದಕ್ಷಿಣದ ದಂಡಯಾತ್ರೆಯನ್ನು ಕುರಿತು 'ಮಧುರಾವಿಜಯ'ವೆಂಬ ಸಂಸ್ಕೃತ ಕಾವ್ಯವನ್ನು ರಚಿಸಿದಳು. ಆ ಕಾವ್ಯದ ಓಲೆಯ ಪ್ರತಿ 1916ರಲ್ಲಿ ತಿರುವನಂತಪುರದಲ್ಲಿ, ಸಂಬಂಧವಿಲ್ಲದ ಬೇರೆರಡು ಗ್ರಂಥಗಳ ನಡುವೆ ಕಟ್ಟಿದ್ದಲ್ಲಿ ಕಂಡುಬಂದಿತು. ಐದುನೂರು ವರ್ಷಗಳಿಗೂ ಹೆಚ್ಚು ಕಾಲದ ಮೇಲೆ ಒಬ್ಬ ಹೆಣ್ಣುಮಗಳ ಬರಹವು ಹೀಗೆ ದೈವಯೋಗದಿಂದ ನಮ್ಮ ಕೈಸೇರಿತು. ಎಲ್ಲ ಬರಹಗಳಿಗೂ ಈ ಭಾಗ್ಯವುಂಟಾಗದು.

ವಿದ್ಯೆಯು ನಮ್ಮ ಸೀಮೆಗೆ ಸುಲಭವಾಗಿ ಬಂದುದೂ ಅಲ್ಲ. ಬಳ್ಳಾರಿ ಜಿಲ್ಲೆಯು ಮದರಾಸು ಆಧಿಪತ್ಯದಲ್ಲಿದ್ದಾಗ ಹೆಚ್ಚಿನ ಓದಿಗೆಂದು ಇಲ್ಲಿನವರು 1916ರಲ್ಲಿ ಆರಂಭವಾದ ಅನಂತಪುರದ ಕಾಲೇಜಿಗೋ ಇಲ್ಲವೆ ಮದರಾಸಿಗೋ ಹೋಗಬೇಕಾಗಿತ್ತು. ಬಳ್ಳಾರಿಯಲ್ಲಿ ವೀರಶೈವ ಕಾಲೇಜು ಆದುದು 1945ರಲ್ಲಿ. 1953ರ ಅಕ್ಟೋಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವೂ, 2010ರಲ್ಲಿ ಬಳ್ಳಾರಿಯಲ್ಲಿ ಶ್ರೀಕೃಷ್ಣದೇವರಾಯರ ಹೆಸರಿನ ವಿಶ್ವವಿದ್ಯಾಲಯವೂ ಆದುವು. ಈಗ ನಮ್ಮ ಹುಡುಗಿಯರಿಗೆ ಕಾಲೇಜು ಒಂದು ಬಸ್ಸಿನಷ್ಟು ದೂರ. ಅಜ್ಜಂದಿರಿಗೆ ರೈಲಿನ ದಾರಿಯಾಗಿದ್ದುದನ್ನು ಮೊಮ್ಮಗಳಿಗೆ ಹತ್ತಿರ ತಂದಮೇಲೆ, ಮನೆಯ ಹೊಸ್ತಿಲಲ್ಲಿಯೇ ಅವಳನ್ನು ತಡೆದು ನಿಲ್ಲಿಸುವುದು ಯಾವ ನ್ಯಾಯ?

2024ನೆಯ ಇಸವಿಯ ಆಗಸ್ಟ್ 10ರ ರಾತ್ರಿಯನ್ನು ನಮ್ಮ ಹೊಳೆಸಾಲಿನವರು ಮರೆಯಲಾರರು. ತುಂಗಭದ್ರಾ ಜಲಾಶಯದ 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ಕಡಿದು ಬಾಗಿಲೇ ಕೊಚ್ಚಿಹೋಯಿತು. ಮಂತ್ರಿಗಳು ಓಡಿಬಂದರು, ಯಂತ್ರಶಿಲ್ಪಿಗಳು ಬಂದರು, ರೈತರು ಬಂದು ನಿಂತರು. ಹರಿಯುವ ನೀರಿನ ನಡುವೆಯೇ ಉಕ್ಕಿನ ತಡೆಗಳನ್ನು ಇಳಿಸಿ ಒಂದು ವಾರದೊಳಗೆ ಆ ಕಂಡಿಯನ್ನು ಮುಚ್ಚಿದರು. ಒಂದು ಬಾಗಿಲು ಹೋದರೆ ನೀರೆಲ್ಲ ಹೋಗುವುದೆಂದು ಎಲ್ಲರಿಗೂ ತಿಳಿದಿತ್ತು. ತರಗತಿಯಿಂದ ಒಬ್ಬ ಹುಡುಗಿ ಕಾಣೆಯಾದಾಗ ಹಾಜರಿಪುಸ್ತಕದಲ್ಲಿ ಒಂದು ಸಣ್ಣ ಗೆರೆ ಬೀಳುವುದಲ್ಲದೆ ಮತ್ತಾವ ಸದ್ದೂ ಆಗುವುದಿಲ್ಲ.

ಮಾರನೆಯ ದಿನ ಸಂಜೆ ನಾವು ಆ ಹದಿನೇಳರ ಹುಡುಗಿಯ ಮನೆಗೆ ಹೋದೆವು. ಯಾರು ತಿಳಿಸಿದರೆಂದು ಹೇಳಲಿಲ್ಲ; ಊರಿಗೆ ತಿಳಿದುದನ್ನು ಹೇಳುವುದಕ್ಕೆ ಒಬ್ಬರ ಹೆಸರು ಬೇಕಾಗಿಲ್ಲ. ತಂದೆ ಹಿಂದೆ ನಮ್ಮಲ್ಲಿ ಓದಿದವನೇ. ಚಾಪೆ ಹಾಸಿ, ನೀರು ಕೊಟ್ಟು, ತಲೆತಗ್ಗಿಸಿ ಕುಳಿತನು.

"ತಾವು ಹೇಳುವುದು ಸರಿಯೇ ಮೇಷ್ಟ್ರೇ. ಆದರೆ ಒಂದು ಚಪ್ಪರ, ಒಂದು ಅಡಿಗೆ, ಒಂದು ಸಾಲ. ಎರಡು ಸಲ ಮಾಡೋ ಶಕ್ತಿ ನನಗೆಲ್ಲಿದೆ? ಬಸ್ಸಿನಲ್ಲಿ ಹೋಗಿಬರುವ ಹುಡುಗಿ. ನಾಳೆ ನಾಲ್ಕು ಮಂದಿ ನಾಲ್ಕು ಮಾತಾಡಿದರೆ ತಡೆಯೋದು ಹ್ಯಾಗೆ?"

ಅವನು ಕ್ರೂರಿಯಲ್ಲ, ಹೆದರಿದವನು. ಸಾಲಕ್ಕೆ ಹೆದರಿದ್ದನು, ಬಾಯಿಗಳಿಗೆ ಹೆದರಿದ್ದನು. ಹೆದರಿದವನಿಗೆ ಬರಿಯ ಕಾನೂನನ್ನು ಹೇಳಿದರೆ ಅವನು ಇನ್ನೂ ಒಳಕ್ಕೆ ಸರಿಯುವನು. ಆದುದರಿಂದ ಕಾನೂನನ್ನು ಕೊನೆಗೆ ಹೇಳಿದೆವು. ಮೊದಲು ಹುಡುಗಿಯ ಅಂಕಪಟ್ಟಿಯನ್ನು ತರಿಸಿ ನೋಡಿದೆವು. ಪರೀಕ್ಷೆಯವರೆಗೆ ಸಂಜೆಯ ಪಾಠವನ್ನು ನಾವೇ ಹೇಳುವೆವೆಂದೆವು. ನಾಲ್ಕು ಮಾತಾಡುವ ನಾಲ್ಕು ಮಂದಿಯ ಮನೆಗೆ ನಾವೇ ಹೋಗಿ ಬರುವೆವೆಂದೆವು. ಅವನು ಆ ರಾತ್ರಿ ಏನನ್ನೂ ಒಪ್ಪಲಿಲ್ಲ. ಎರಡನೆಯ ಸಲ ಹೋದಾಗ ಜತೆಗೆ ಅಂಗನವಾಡಿಯ ಕಾರ್ಯಕರ್ತೆಯೂ ಬಂದಿದ್ದರು. ಬೀಗರ ಕಡೆಯವರಿಗೂ ಅಸಿಂಧುವೆಂಬ ಶಬ್ದದ ಅರ್ಥವನ್ನು ಬಿಡಿಸಿ ಹೇಳಿದರು. ಹತ್ತು ದಿನಗಳ ಮೇಲೆ ನಮ್ಮ ನೆರೆಮನೆಯ ಹುಡುಗಿ ಓಡಿಬಂದು, "ಮೇಷ್ಟ್ರೇ, ಇವತ್ತು ಬಸ್ಸಿಗೆ ಬಂದಿದ್ದಳು" ಎಂದಳು.

ಈ ಕಥೆಯನ್ನು ನಮ್ಮ ಹೆಚ್ಚುಗಾರಿಕೆಗೆಂದು ಹೇಳಿದ್ದಲ್ಲ. ಮೂವತ್ತು ವರ್ಷ ತಡವಾಗಿ ಮಾಡಿದ ಕೆಲಸಕ್ಕೆ ಹೆಚ್ಚುಗಾರಿಕೆ ಸಲ್ಲದು. ಅಡ್ಡಗೆರೆ ಎಳೆದ ಆ ಪುಟವಿಲ್ಲದಿದ್ದರೆ ನಾವು ಈ ಸಲವೂ ಅಕ್ಷತೆಯನ್ನು ಹಿಡಿದು ಹೋಗುತ್ತಿದ್ದೆವೋ ಏನೋ. ಗೃಹಸ್ಥರಲ್ಲಿ ನಮ್ಮ ಬಿನ್ನಹವು ಇಷ್ಟೇ. ಕಾಲೇಜಿಗೆ ಹೋಗುವ ಮಗನಿಗಾಗಲಿ ಮಗಳಿಗಾಗಲಿ ಸಂಜೆ ಊಟಕ್ಕೆ ಕುಳಿತಾಗ, ಎಷ್ಟು ಅಂಕ ಬಂತೆಂದು ಕೇಳುವುದರ ಜತೆಗೆ, ಇಂದು ಏನನ್ನು ಕಂಡೆಯೆಂದೂ ಕೇಳಿರಿ. ಅವರು ಹೇಳಿದುದಕ್ಕೆ ಅವರ ಓದನ್ನೇ ದಂಡವಾಗಿ ತೆಗೆಯಬೇಡಿರಿ. ನೆರೆಮನೆಯಲ್ಲಿ ಬಾಲೆಯ ಮದುವೆ ಗೊತ್ತಾಗಿದೆಯೆಂದು ತಿಳಿದರೆ ಮೊದಲು ನೀವೇ ಹೋಗಿ ಮಾತನಾಡಿರಿ. ಮಾತು ಸಾಗದಿದ್ದಲ್ಲಿ ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆಗೆ ತಿಳಿಸಬಹುದು, ಅದಕ್ಕೆ ಹಣವಿಲ್ಲ.

ಫಾಲ್ಗುಣದಲ್ಲಿ ಅಕ್ಕನ ಮದುವೆ ಸಾಂಗವಾಗಿ ನಡೆಯಿತು. ಚಪ್ಪರದಲ್ಲಿ ಒಂದೇ ಜೋಡಿ ಹಸೆಮಣೆ ಇತ್ತು. ತಂಗಿಯು ಪಂಕ್ತಿಯಲ್ಲಿ ಬಡಿಸುತ್ತ ಬಂದು, ಬೇಡವೆಂದರೂ ನಮ್ಮ ಎಲೆಗೆ ಇನ್ನೊಂದು ಹೋಳಿಗೆಯನ್ನು ಹಾಕಿ, "ನಾಳೆ ಪಾಠ ಇದೆಯಾ ಮೇಷ್ಟ್ರೇ?" ಎಂದು ಕೇಳಿದಳು. ಇದೆಯೆಂದೆವು. ನೆರೆಮನೆಯ ಹುಡುಗಿಯ ಪ್ರಬಂಧಕ್ಕೆ ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ; ಆದರೆ ಕೊನೆಯ ಪುಟವನ್ನು ಅವಳು ಹೆಸರುಗಳಿಲ್ಲದೆ ಮತ್ತೆ ಶುದ್ಧವಾಗಿ ಬರೆದೇ ಕೊಟ್ಟಿದ್ದಳು. ಅದರಲ್ಲಿ ನಮಗೆ ತಿದ್ದುವುದಕ್ಕೆ ಏನೂ ಸಿಕ್ಕಲಿಲ್ಲ.