ಬೇಲಿ ಬಿದ್ದರೆ ತೋಟಕ್ಕೇ ಬೀಗವೇ?

"ನಮ್ಮಲ್ಲಿ ಫೈರ್‌ವಾಲ್ ಇದೆ, ಏನೂ ಆಗೋದಿಲ್ಲ ಮಾರಾಯ್ರೆ!" ಬ್ಯಾಂಕು, ಸಹಕಾರಿ ಸಂಘ, ಕಾಲೇಜು, ಸರಕಾರಿ ಕಚೇರಿ... ಎಲ್ಲ ಕಡೆ ಇದೇ ಪಲ್ಲವಿ. ಸರಿ ಸ್ವಾಮಿ, ಆ ಫೈರ್‌ವಾಲನ್ನೇ ಯಾರಾದರೂ ಕೆಡವಿದರೆ?

ಹೆಸರಲ್ಲಿ ವಾಲ್ ಇದ್ದ ಮಾತ್ರಕ್ಕೆ ಅದು ಗೋಡೆಯಲ್ಲ. ಅದೂ ಒಂದು ಕಂಪ್ಯೂಟರೇ. ಒಳಗೆ ಪ್ರೊಸೆಸರ್, ಮೆಮೊರಿ, ಜೊತೆಗೆ ಮನುಷ್ಯರು ಬರೆದ ಸಾಫ್ಟ್‌ವೇರ್. ಹಾದುಹೋಗುವ ಪ್ರತಿ ಸಂಪರ್ಕವನ್ನೂ ಅದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಪಟ್ಟಿ ತುಂಬಿತೋ, ಪ್ರೊಸೆಸರ್ ಸುಸ್ತಾಯಿತೋ, ಆಮೇಲೆ ಕಳ್ಳನಿಗೂ ದಾರಿಯಿಲ್ಲ, ಮನೆಯವನಿಗೂ ದಾರಿಯಿಲ್ಲ.

ಇದು ಬರೀ ಹೆದರಿಸುವ ಮಾತಲ್ಲ. 2016ರ ನವೆಂಬರಿನಲ್ಲಿ ಡೆನ್ಮಾರ್ಕಿನ ಟಿಡಿಸಿ ಎಂಬ ದೂರವಾಣಿ ಕಂಪನಿಯವರು 'ಬ್ಲ್ಯಾಕ್‌ನರ್ಸ್' ದಾಳಿಯನ್ನು ಬಯಲಿಗಿಟ್ಟರು. ಸೆಕೆಂಡಿಗೆ ಬರೀ 15ರಿಂದ 18 ಮೆಗಾಬಿಟ್‌ನಷ್ಟು ಐಸಿಎಂಪಿ ಪ್ಯಾಕೆಟ್ ಕಳಿಸಿದರೆ ಹೆಸರಾಂತ ಕಂಪನಿಗಳ ಕೆಲವು ಫೈರ್‌ವಾಲ್‌ಗಳೂ ಮಲಗಿಬಿಡುತ್ತಿದ್ದವು. ಅಷ್ಟು ವೇಗ ಇವತ್ತು ನಮ್ಮ ಲಾಯಿಲದಂಥ ಊರಿನ ಮನೆಯ ಫೈಬರ್‌ನಲ್ಲೇ ಸಿಗುತ್ತದೆ!

2019ರ ಮಾರ್ಚ್ 5ರಂದು ಅಮೆರಿಕದ ಒಂದು ವಿದ್ಯುತ್ ಕಂಪನಿಯ ಫೈರ್‌ವಾಲ್‌ಗಳು ಸುಮಾರು ಹತ್ತು ಗಂಟೆ ಕಾಲ ಮತ್ತೆ ಮತ್ತೆ ರೀಬೂಟ್ ಆದವು. ಪ್ರತಿ ಸಲವೂ ನಿಯಂತ್ರಣ ಕೊಠಡಿಗೂ ವಿದ್ಯುತ್ ಘಟಕಗಳಿಗೂ ಇದ್ದ ಸಂಪರ್ಕ ಕೆಲವು ನಿಮಿಷ ಕಡಿದುಹೋಗುತ್ತಿತ್ತು. ತಮಾಷೆ ಏನೆಂದರೆ, ಆ ದೋಷಕ್ಕೆ ಪ್ಯಾಚ್ ಆಗಲೇ ಬಂದಿತ್ತು. ಹಾಕಿರಲಿಲ್ಲ, ಅಷ್ಟೆ.

2024ರ ಡಿಸೆಂಬರಿನಲ್ಲಿ ಪಾಲೊ ಆಲ್ಟೊ ಕಂಪನಿ ಇಂಥದ್ದೇ ದೋಷವನ್ನು ಒಪ್ಪಿಕೊಂಡಿತು. ಒಂದು ಕೆಟ್ಟ ಡಿಎನ್‌ಎಸ್ ಪ್ಯಾಕೆಟ್ ಸಾಕು, ಫೈರ್‌ವಾಲ್ ರೀಬೂಟ್. ಮತ್ತೆ ಮತ್ತೆ ಕಳಿಸಿದರೆ ಯಾರಾದರೂ ಹೋಗಿ ಎಬ್ಬಿಸುವ ತನಕ ನಿದ್ದೆ. ಬಲೆಗೆ ಬಿದ್ದವರು ಯಾರು? ಡಿಎನ್‌ಎಸ್ ರಕ್ಷಣೆಗೆಂದು ಲೈಸೆನ್ಸ್ ತೆಗೆದುಕೊಂಡು ಅದರ ಲಾಗಿಂಗ್ ಚಾಲೂ ಇಟ್ಟವರು!

"ಮಾಹಿತಿ ಕಳುವಾಗಿಲ್ಲವಲ್ಲ, ಸ್ವಲ್ಪ ಹೊತ್ತು ನಿಂತಿತ್ತು ಅಷ್ಟೆ" ಅನ್ನುವವರಿದ್ದಾರೆ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ಮೇಲೆ ದಾಳಿಯಾಯಿತಲ್ಲ, ಅದನ್ನೇ ನೆನಪಿಸಿಕೊಳ್ಳಿ. ಅಲ್ಲಿ ಕೆಡವಿದ್ದು ಫೈರ್‌ವಾಲನ್ನಲ್ಲ. ನಕಲಿ ಖಾತೆಗಳಿಂದ ಋಣಭಾರ ಪತ್ರದ ಹುಡುಕಾಟ ನಡೆಸಿಯೇ ವ್ಯವಸ್ಥೆಯನ್ನು ಸುಸ್ತು ಮಾಡಿದರು. ಬಾಗಿಲಿನಿಂದಲೇ ಬಂದವರನ್ನು ಬೇಲಿ ಹೇಗೆ ತಡೆದೀತು? ಒಂದು ದಿನದ ಕೂಲಿ ಬಿಟ್ಟು ದಿಡುಪೆಯಿಂದ ಬಸ್ಸು ಹಿಡಿದು ಬೆಳ್ತಂಗಡಿಗೆ ಬಂದವನಿಗೆ "ಸರ್ವರ್ ಡೌನ್" ಅಂದರೆ, ಅವನ ಪಾಲಿಗೆ ಅದೂ ಕಳ್ಳತನವೇ.

ಹಾಗಂತ ಫೈರ್‌ವಾಲ್ ಕಿತ್ತು ಬಿಸಾಡಿ ಅನ್ನುತ್ತಿಲ್ಲ. ಕೊಳ್ಳುವಾಗ ಎಷ್ಟು ಗಿಗಾಬಿಟ್ ಅಂತ ಮಾತ್ರ ಕೇಳಬೇಡಿ. ಸಣ್ಣ ಪ್ಯಾಕೆಟ್‌ಗಳಾದರೆ ಸೆಕೆಂಡಿಗೆ ಎಷ್ಟು ತಡೆದೀತು ಅಂತ ಕೇಳಿ. ಹೊರಗಿನಿಂದ ಬರುವ ಐಸಿಎಂಪಿಗೆ ಮಿತಿ ಹಾಕಿ. ನಿರ್ವಹಣಾ ಪುಟವನ್ನು ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಪ್ಯಾಚ್ ಹಾಕುವುದು ಯಾರ ಕೆಲಸ ಎಂದು ಹೆಸರು ಹಿಡಿದು ಬರೆದಿಡಿ. ಅದು ಬಿದ್ದ ದಿನ ಕೆಲಸ ಹೇಗೆ ನಡೆಯಬೇಕು ಅಂತ ಇವತ್ತೇ ಯೋಚಿಸಿ.

ತೋಟಕ್ಕೆ ಬೇಲಿ ಹಾಕಿದವನು ಮಳೆಗಾಲ ಕಳೆದ ಮೇಲೆ ಒಂದು ಸುತ್ತು ಹೋಗಿ ನೋಡುತ್ತಾನೆ. ಲಕ್ಷಗಟ್ಟಲೆ ಸುರಿದು ಫೈರ್‌ವಾಲ್ ತಂದವರಿಗೆ ಅಷ್ಟೂ ಪುರುಸೊತ್ತಿಲ್ಲವೇ?