ಬಾಟಲಿಯ ಕಪ್ಪೆಗೆ ಧಾರವಾಡದ ಬಿಸಿಲು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಓದಲೆಂದು ಹುಬ್ಬಳ್ಳಿ-ಧಾರವಾಡಕ್ಕೆ ಹೋಗುವ ನಮ್ಮ ಮಕ್ಕಳಲ್ಲಿ ಕೆಲವರು ಯುಗಾದಿಗೆ ಊರಿಗೆ ಬಂದು ಮರಳುವಾಗ ಹಳ್ಳದ ಕಪ್ಪೆಯನ್ನೋ ಗೊದಮೊಟ್ಟೆಗಳನ್ನೋ ಬಾಟಲಿಯಲ್ಲಿ ಒಯ್ಯುವುದುಂಟು. ಅದರ ಹಿಂದೆ ಕ್ರೌರ್ಯವಿಲ್ಲ, ಊರಿನ ತಂಪನ್ನು ಜೊತೆಗಿಟ್ಟುಕೊಳ್ಳುವ ಆಸೆಯಿದೆ. ಏಪ್ರಿಲ್ ಬರುತ್ತಲೇ ಅವರಿಂದ ಪ್ರಶ್ನೆಯೂ ಬರುತ್ತದೆ: ಕೊಠಡಿ ಕಾಯುತ್ತಿದೆ, ಕಪ್ಪೆಯನ್ನು ತಂಪಾಗಿಡುವುದು ಹೇಗೆ? ಕಾಡಿನ ಕಪ್ಪೆಯ ಮಟ್ಟಿಗೆ ನನ್ನ ಉತ್ತರ ಒಂದೇ, ಅದನ್ನು ಹಿಡಿಯಲೇಬಾರದು. ಅಂಗಡಿಯಿಂದ ಕೊಂಡು ತಂದ ಕಪ್ಪೆಯ ಮಾತು ಬೇರೆ. ಅದಕ್ಕೆ ಮುಂದೆ ಬರುತ್ತೇನೆ.

ಕಪ್ಪೆ ತನ್ನ ಮೈಯ ಬಿಸಿಯನ್ನು ನಮ್ಮಂತೆ ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳಲಾರದು. ಸುತ್ತಲಿನ ಬಿಸಿಯೊಡನೆ ಅದರ ಮೈಯೂ ಕಾಯುತ್ತದೆ. ಅದು ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆ ಮತ್ತು ತೊಡೆಯ ತೆಳುವಾದ ಚರ್ಮದಿಂದ ಹೀರಿಕೊಳ್ಳುತ್ತದೆ. ಉಸಿರಾಟದ ಒಂದು ಪಾಲು ನಡೆಯುವುದೂ ಚರ್ಮದ ಮೂಲಕವೇ, ಚರ್ಮ ತೇವವಾಗಿರುವವರೆಗೆ ಮಾತ್ರ. ಆ ತೇವ ಆವಿಯಾದಾಗ ಮೈ ತಂಪಾಗುತ್ತದೆ, ನಿಜ. ಆದರೆ ಕಳೆದ ನೀರು ಮರಳಿ ದೊರೆಯದಿದ್ದರೆ ಆ ತಂಪೇ ಮುಳುವಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಅವಳಿ ನಗರದ ಹಗಲಿನ ಉಷ್ಣತೆ 37-38 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಬಿಸಿಲು ಬೀಳುವ ಕಿಟಕಿಯಲ್ಲಿಟ್ಟ ಗಾಜಿನ ಬಾಟಲಿ ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುವುದರಿಂದ ಗೊದಮೊಟ್ಟೆಗಳ ಉಸಿರೇ ಕಟ್ಟುತ್ತದೆ.

ಹಾಗಾದರೆ ಧಾರವಾಡದ ಕಪ್ಪೆಗಳು ಬದುಕುವುದು ಹೇಗೆ ಎಂದು ಕೇಳಬಹುದು. ಅವು ಬಿಸಿಲನ್ನು ಎದುರಿಸುವುದಿಲ್ಲ, ಅದರಿಂದ ಕೆಳಗಿಳಿಯುತ್ತವೆ. ಗದ್ದೆಯ ದೊಡ್ಡ ಹಸಿರು ಕಪ್ಪೆ ಮಣ್ಣಿನೊಳಗೆ ಸೇರಿ ಬೇಸಿಗೆ ಕಳೆಯುತ್ತದೆ. ಗುಂಡು ಮೈಯ ಇನ್ನೊಂದು ಜಾತಿಯ ಹಿಂಗಾಲಿನಲ್ಲಿ ಗುದ್ದಲಿಯಂಥ ಗಟ್ಟಿ ಗಂಟೇ ಇದೆ. ಹಿಂದಕ್ಕೆ ಸರಿಯುತ್ತ ಮಣ್ಣು ತೋಡಿ ಒಳಗೆ ಹೋದರೆ ಮಳೆಯ ಸದ್ದಿಗೇ ಮೇಲೆ ಬರುವುದು. (ಅಗೆಯುವ ಯಂತ್ರಕ್ಕೆ ಸಾಲ ಮಾಡುವ ನಮಗೆ ಇದನ್ನು ಕಂಡು ತುಸು ಅಸೂಯೆಯಾಗಬೇಕು.) ನಮ್ಮ ಹಳ್ಳದ ಕಪ್ಪೆಗಳಿಗೆ ಈ ವಿದ್ಯೆಯಿಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಕುಂಬಾರ ಕಪ್ಪೆಯನ್ನೇ ನೋಡಿ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಜಗತ್ತಿಗೆ ಪರಿಚಯಿಸಿದ ಈ ಜೀವಿ ಮೊಟ್ಟೆಗಳಿಗೆ ಕೆಸರು ಮೆತ್ತಿ ಕಾಪಾಡುತ್ತದೆ. ಮರದ ನೆರಳು ಮತ್ತು ಹರಿಯುವ ನೀರು, ಇವೆರಡೂ ಸೇರಿಯೇ ಅದರ ಮನೆ. ಅದನ್ನು ಯಾವ ಹಾಸ್ಟೆಲಿನ ಬಕೆಟ್ಟಿನಲ್ಲಿ ಕಟ್ಟಿಕೊಡಲು ಸಾಧ್ಯ?

ಕಪ್ಪೆಯನ್ನು ಅರಿಯಬೇಕೆಂಬ ಆಸಕ್ತಿ ಒಳ್ಳೆಯದೇ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರೊ. ಎಸ್.ಕೆ. ಸೈದಾಪುರ ಮತ್ತು ಅವರ ಸಹೋದ್ಯೋಗಿಗಳು ಕಪ್ಪೆಗಳ ಸಂತಾನೋತ್ಪತ್ತಿ ಹಾಗೂ ಗೊದಮೊಟ್ಟೆಗಳ ವರ್ತನೆಯ ಕುರಿತು ದಶಕಗಳ ಕಾಲ ಸಂಶೋಧನೆ ನಡೆಸಿದ್ದಾರೆ. ಅಂಥ ಊರಿನಲ್ಲಿ ಓದುವವರಿಗೆ ಕಲಿಯಲು ದಾರಿಗಳಿವೆ.

ಇನ್ನು ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಮಾರುವ ವಿದೇಶೀ ಕಪ್ಪೆ. ಅದನ್ನು ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಈಗಾಗಲೇ ಮನೆಗೆ ಬಂದಿದ್ದರೆ ಅದರ ಹೊಣೆ ನಿಮ್ಮದು. ಬಿಸಿಲು ತಾಕದ, ಮನೆಯ ಅತಿ ತಂಪಾದ ಮೂಲೆಯಲ್ಲಿ ಗಾಳಿಯಾಡುವಂತೆ ಇಡಿ. ಪಾತ್ರೆಯ ಹೊರಮೈಗೆ ಒದ್ದೆ ಗೋಣಿ ಸುತ್ತಿ. ಧಾರವಾಡದ ಒಣಗಾಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಹರವಿಯ ನೀರು ತಂಪಾಗುವುದೂ ಇದೇ ತತ್ತ್ವದಿಂದ. ಮಂಜುಗಡ್ಡೆಯನ್ನು ನೀರಿಗೆ ಹಾಕಬಾರದು, ಬಿಸಿಯಿಂದ ತಣ್ಣಗೆ ಒಮ್ಮೆಲೇ ಇಳಿದರೆ ಆಘಾತವಾದೀತು. ಫ್ಯಾನಿನ ಗಾಳಿ ನೇರವಾಗಿ ಬೀಸಿದರೆ ಚರ್ಮ ಒಣಗುತ್ತದೆ. ನಲ್ಲಿ ನೀರಿನ ಕ್ಲೋರಿನ್ ಆ ಚರ್ಮಕ್ಕೆ ವಿಷ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು ಬಳಸಬೇಕು. ನೀರು ಹಿಡಿದಿಟ್ಟು ದಿನಗಟ್ಟಲೆ ಬಳಸುವ ಅಭ್ಯಾಸವಿರುವ ಅವಳಿ ನಗರದವರಿಗೆ ಇದೇನೂ ಕಷ್ಟವಲ್ಲ.

2023ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನದ ಪ್ರಕಾರ ಉಭಯವಾಸಿಗಳಲ್ಲಿ ಶೇ. 41ರಷ್ಟು ಪ್ರಭೇದಗಳು ಅಳಿವಿನ ಅಪಾಯದಲ್ಲಿವೆ. ಏರುತ್ತಿರುವ ಬಿಸಿಯೂ ಮುಖ್ಯ ಕಾರಣಗಳಲ್ಲೊಂದು. ಹೀಗಿರುವಾಗ ಹಳ್ಳಿಯಲ್ಲಿರುವ ನಾವೇನು ಮಾಡುತ್ತಿದ್ದೇವೆ? ಹಳ್ಳದ ದಂಡೆಯ ದರಕನ್ನೂ ಬಿಡದೆ ಗುಡಿಸಿ ತೋಟಕ್ಕೆ ಹೊರುತ್ತೇವೆ, ಉಳಿದದ್ದಕ್ಕೆ ಬೆಂಕಿ ಕೊಡುತ್ತೇವೆ. ಬೇಸಿಗೆಯಲ್ಲಿ ಆ ತರಗೆಲೆಯ ಅಡಿಯ ತೇವವೇ ಸಣ್ಣ ಕಪ್ಪೆಗಳ ಆಸರೆ. ದಂಡೆಯ ಎರಡೂ ಬದಿ ನಾಲ್ಕು ಮಾರು ಜಾಗದ ದರಕನ್ನು ಮುಟ್ಟದೆ ಬಿಟ್ಟರೆ ತೋಟದ ಗೊಬ್ಬರಕ್ಕೇನೂ ಕೊರತೆಯಾಗದು.

ಕಪ್ಪೆಯನ್ನು ಈಗಾಗಲೇ ಒಯ್ದಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಅದನ್ನು ಸಾಧನಕೇರಿಗೋ ಕೆಲಗೇರಿ ಕೆರೆಗೋ ಉಣಕಲ್ ಕೆರೆಗೋ ಬಿಡಬೇಡಿ. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ಪಶ್ಚಿಮಘಟ್ಟದಲ್ಲೂ ಪತ್ತೆಯಾಗಿದೆ. ಒಂದು ನೀರಿನದು ಇನ್ನೊಂದಕ್ಕೆ ಹೋಗಬಾರದು. ಬೇರೆ ಕಪ್ಪೆಗಳ ಜೊತೆ ಇಟ್ಟಿರದಿದ್ದರೆ, ಒದ್ದೆ ಬಟ್ಟೆ ಹಾಸಿದ ತೂತಿನ ಡಬ್ಬಿಯಲ್ಲಿ ರಾತ್ರಿಯ ಬಸ್ಸಿಗೆ ತಂದು ಹಿಡಿದ ಹಳ್ಳದಲ್ಲೇ ಬಿಡಿ. ಬಾಟಲಿಯ ನೀರನ್ನು ಹಳ್ಳಕ್ಕೆ ಸುರಿಯದೆ, ದೂರದ ಒಣನೆಲಕ್ಕೆ ಚೆಲ್ಲಿ.